ಅರ್ಧ ತೊಟ್ಟಿಯ ಲೆಕ್ಕ

ತೊಟ್ಟಿಯ ಗೋಡೆಯ ಮೇಲೆ ನೀಲಿ ಬಣ್ಣದಲ್ಲಿ '10,800 ಲೀಟರ್' ಎಂದು ಬರೆದಿತ್ತು. ಬಣ್ಣ ಅಲ್ಲಲ್ಲಿ ಚಕ್ಕೆ ಎದ್ದಿದ್ದರೂ ಅಂಕಿ ಓದಲು ಬರುತ್ತಿತ್ತು. ಅದನ್ನು ಬರೆದವರು ಯಾರು, ಯಾವ ಅಳತೆಯ ಮೇಲೆ ಬರೆದರು ಎನ್ನುವುದು ಆ ಹಟ್ಟಿಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಕೇಳಿದವರೂ ಇರಲಿಲ್ಲ.

ನಾನು ಆಗ ಪರಶುರಾಂಪುರ ಹೋಬಳಿಯ ಒಂದು ಪಶು ಆಸ್ಪತ್ರೆಯಲ್ಲಿ ವೈದ್ಯೆ. ಆ ವರ್ಷ ಮೇವು ಹುಡುಕಿಕೊಂಡು ಮೊಳಕಾಲ್ಮುರು ದಾಟಿ ರಾಂಪುರದ ಆಚೆಗೆ ಹೋಗಿದ್ದ ಹಿಂಡುಗಳು ವಾಪಸು ಬರುವಾಗ ಕಜ್ಜಿ ಹತ್ತಿಸಿಕೊಂಡು ಬಂದಿದ್ದವು. ಕುರಿಗಳು ರಾತ್ರಿ ತಮ್ಮನ್ನು ಕೂಡುವ ರೊಪ್ಪದ ಕಲ್ಲಿಗೆ ಮೈ ಉಜ್ಜಿ ಉಜ್ಜಿ ರಕ್ತ ಮಾಡಿಕೊಳ್ಳುತ್ತಿದ್ದವು. ಮೈಮೇಲಿನ ತುಪ್ಪಟ ಕಂತೆಯಾಗಿ ಕಿತ್ತು ಬರುತ್ತಿತ್ತು. ನವೆ ತಡೆಯಲಾರದೆ ಮೇಯುವುದನ್ನೇ ಬಿಟ್ಟ ತಾಯಿಗಳಲ್ಲಿ ಹಾಲು ಬತ್ತಿ, ಮರಿಗಳು ಬಡಕಲಾಗುತ್ತಿದ್ದವು. ಒಂದೊಂದಕ್ಕೂ ಚುಚ್ಚುಮದ್ದು ಕೊಡುವಷ್ಟು ದಾಸ್ತಾನು ನಮ್ಮಲ್ಲಿರಲಿಲ್ಲ. ಮೇಲಿನಿಂದ ಸಿಂಪಡಿಸಿದರೆ ಔಷಧ ತುಪ್ಪಟದ ಬುಡಕ್ಕೆ ಇಳಿಯುವುದಿಲ್ಲ. ಉಳಿದದ್ದು ಒಂದೇ ದಾರಿ, ಹಟ್ಟಿಯ ಹೊರಗಿನ ಆ ಹಳೆಯ ತೊಟ್ಟಿ.

ಕುರಿಗಳನ್ನು ಔಷಧದ ನೀರಿನಲ್ಲಿ ಮುಳುಗಿಸಲೆಂದೇ ಕಟ್ಟುವ ತೊಟ್ಟಿ ಅದು. ನೆಲಮಟ್ಟಕ್ಕಿಂತ ಕೆಳಗೆ, ಉದ್ದಕ್ಕೆ, ಒಂದು ಕುರಿ ಮಾತ್ರ ಹಿಡಿಸುವಷ್ಟು ಇಕ್ಕಟ್ಟಾಗಿ ಇರುತ್ತದೆ. ಒಂದು ತುದಿಯಲ್ಲಿ ಕುರಿ ಒಳಕ್ಕೆ ಧುಮುಕಿ, ಈಜಿಕೊಂಡು ಹೋಗಿ, ಇನ್ನೊಂದು ತುದಿಯಲ್ಲಿ ಹತ್ತಿ ಹೊರಗೆ ಬರುತ್ತದೆ. ನಡುವೆ ಕವೆಗೋಲಿನಿಂದ ಅದರ ತಲೆಯನ್ನು ಒಮ್ಮೆ ಮುಳುಗಿಸಬೇಕು.

ಕುರಿ ಸಾಕುವವರ ಸಂಘದ ಅಧ್ಯಕ್ಷರಿಗೆ ಈ ವಿಷಯ ಹೇಳಿದಾಗ ಅವರು ನನ್ನ ಮುಖ ನೋಡದೆ ತಲೆ ಅಲ್ಲಾಡಿಸಿದರು. ಐವತ್ತರ ಹತ್ತಿರದ, ಮಾತು ಕಡಿಮೆಯ ಮನುಷ್ಯ.

"ಡಾಕ್ಟ್ರಮ್ಮ, ಬೇರೆ ಏನಾರ ಹೇಳ್ರಿ, ಮಾಡ್ತೀವಿ. ಆ ತೊಟ್ಟಿಗೆ ಮಾತ್ರ ನಮ್ಮ ಕುರಿ ಇಳಿಸಲ್ಲ."

"ಯಾಕೆ?"

"ಒಂದ್ಸಲ ಇಳಿಸಿದ್ವಿ. ನಾನಿನ್ನೂ ಮೀಸೆ ಬರ್ದಿದ್ದ ಹುಡುಗ. ಅವತ್ತು ನಮ್ಮ ಹಿಂಡೇ ಮೊದ್ಲು. ಮೇಲೆ ಬಂದವು ಬಂದಂಗೇ ಬಿದ್ವು. ಬಾಯಾಗೆ ನೊರೆ, ಕಾಲು ನಡುಕ. ನಮ್ಮಪ್ಪ ಒಂದೊಂದನ್ನೇ ಎತ್ತಿ ನಿಲ್ಲಿಸೋನು, ಕೈ ಬಿಟ್ರೆ ಮತ್ತೆ ಬೀಳೋದು. ಗಬ್ಬದ ಕುರಿನೇ ಜಾಸ್ತಿ ಹೋದ್ವು."

ಔಷಧ ಕಲಸಿದವರು ಯಾರೆಂದು ಕೇಳಿದೆ. ಅವರು ಗದ್ದ ಎತ್ತಿ ಹಟ್ಟಿಯ ಕೊನೆಯ ಮನೆಯ ಕಡೆ ತೋರಿಸಿದರು.

"ಮದ್ದು ಹಾಕಿದೋನು ಅಲ್ಲೇ ಅವ್ನೆ."

ಮದ್ದು ಎಂದರೆ ಔಷಧವೂ ಹೌದು, ವಿಷವೂ ಹೌದು. ಅಧ್ಯಕ್ಷರ ಬಾಯಲ್ಲಿ ಅದಕ್ಕೆ ಯಾವ ಅರ್ಥವಿತ್ತೆಂದು ಕೇಳುವ ಅಗತ್ಯ ಬೀಳಲಿಲ್ಲ. ಆತನಿಗೂ ಅಧ್ಯಕ್ಷರ ತಂದೆಗೂ ಅದಕ್ಕೆ ಸ್ವಲ್ಪ ಮುಂಚೆ ರೊಪ್ಪದ ಜಾಗಕ್ಕೆ ಜಗಳವಾಗಿತ್ತಂತೆ. ಕುರಿ ಸತ್ತ ಮೇಲೆ, ಬೇಕೆಂದೇ ಹೆಚ್ಚಿಗೆ ಸುರಿದ ಎಂದು ಹಟ್ಟಿಯೆಲ್ಲ ನಂಬಿತು. ಆತನ ಕುರಿಗಳನ್ನು ಯಾರೂ ತಮ್ಮ ಹಿಂಡಿನ ಜೊತೆ ಸೇರಿಸಿಕೊಳ್ಳಲಿಲ್ಲ. ಕೊನೆಗೆ ಆತ ಅವನ್ನು ಮಾರಿ ಕಲ್ಲು ಒಡೆಯುವ ಕೆಲಸಕ್ಕೆ ಹೋದ. ಈಗ ವಯಸ್ಸಾಗಿದೆ, ಮನೆಯಲ್ಲೇ ಇದ್ದಾನೆ. ಅದೆಲ್ಲ ನಡೆದಾಗ ಹುಟ್ಟಿರದ ಮಕ್ಕಳೂ ಆತನನ್ನು ಕರೆಯುವುದು 'ಮದ್ದು ಹಾಕಿದೋನು' ಎಂದೇ.

ತೊಟ್ಟಿಗೆ ಕುರಿ ಇಳಿಸುವುದಿಲ್ಲ ಎಂದರೂ ಅದನ್ನು ಅಳೆಯಲು ಯಾರ ಅಡ್ಡಿಯೂ ಇರಲಿಲ್ಲ. ನಾನು ಟೇಪು ಹಿಡಿದು ಹೋದೆ. ಒಳಗೋಡೆಯ ಮೇಲೆ, ನೀರು ಎಲ್ಲಿಯವರೆಗೆ ತುಂಬಬೇಕು ಎನ್ನುವುದಕ್ಕೆ ಒಂದು ಕೆಂಪು ಗೆರೆ ಎಳೆದಿತ್ತು. ಆ ಗೆರೆಯ ಮಟ್ಟದಲ್ಲಿ ಉದ್ದ ಒಂಬತ್ತು ಮೀಟರ್, ಅಗಲ ಎಂಬತ್ತು ಸೆಂಟಿಮೀಟರ್. ಆಳಕ್ಕೆ ಬಿದಿರುಗೋಲು ಇಳಿಸಿದಾಗ ಮಾತ್ರ ಗೊಂದಲವಾಯಿತು. ತೊಟ್ಟಿಯ ಬಹುಭಾಗದಲ್ಲಿ ಕೋಲು ಮೊಣಕಾಲುದ್ದ ಇಳಿದು ಗಟ್ಟಿ ನೆಲಕ್ಕೆ ತಾಗುತ್ತಿತ್ತು. ತಳ ಸಮತಟ್ಟು, ತೊಟ್ಟಿ ಬಹಳ ಆಳವಿಲ್ಲ ಎಂದುಕೊಂಡೆ. ಆದರೆ ಆ ಆಳಕ್ಕೆ ಗೋಡೆಯ ಅಂಕಿ ಎಷ್ಟು ಗುಣಿಸಿದರೂ ಬರುತ್ತಿರಲಿಲ್ಲ. ಹಾರೆಯಿಂದ ಕುಟ್ಟಿಸಿ ನೋಡಿದಾಗ, ನಾನು ನೆಲವೆಂದುಕೊಂಡದ್ದು ವರ್ಷಗಟ್ಟಲೆ ಗಾಳಿಗೆ ಬಂದು ಕೂತ ಮಣ್ಣು, ಒಣಗಿ ಸಿಮೆಂಟಿನಂತಾಗಿದೆ ಎಂದು ತಿಳಿಯಿತು.

ಅಧ್ಯಕ್ಷರು ಮನಸ್ಸಿಲ್ಲದಿದ್ದರೂ ಇಬ್ಬರು ಆಳುಗಳನ್ನು ಕಳಿಸಿದರು. ಮಣ್ಣು ತೆಗೆದಂತೆ ನಿಜವಾದ ತಳ ಕಾಣಿಸತೊಡಗಿತು. ಧುಮುಕುವ ತುದಿಯಿಂದ ಎರಡು ಮೀಟರ್ ಮಾತ್ರ ಅದು ಸಮತಟ್ಟು. ಅಲ್ಲಿಂದ ಉಳಿದ ಏಳು ಮೀಟರ್ ಉದ್ದಕ್ಕೂ ಒಂದೇ ಸಮನೆ ಏರುತ್ತ ಹೋಗಿ, ಹೊರಬರುವ ತುದಿಯಲ್ಲಿ ಕೆಂಪು ಗೆರೆಯನ್ನು ಮುಟ್ಟುತ್ತಿತ್ತು. ಕುರಿಗಳ ಗೊರಸು ಜಾರದಿರಲೆಂದು ಆ ಇಳಿಜಾರಿಗೆ ಅಡ್ಡಡ್ಡ ಏಣುಗಳನ್ನು ಮಾಡಿದ್ದರು.

ಗಾರೆ ಕೆಲಸದವರು ಬಳಸುವ ಮಟ್ಟದ ಪೈಪಿನಲ್ಲಿ ನೀರು ತುಂಬಿ, ಕೆಂಪು ಗೆರೆಯ ಮಟ್ಟಕ್ಕೆ ದಾರ ಕಟ್ಟಿಸಿದೆ. ದಾರದಿಂದ ಮೀಟರಿಗೊಮ್ಮೆ ಟೇಪು ಇಳಿಬಿಟ್ಟು ಆಳ ನೋಡಿದೆ. ಸಮತಟ್ಟಾದ ಕಡೆ ಒಂದೂವರೆ ಮೀಟರ್. ಆಮೇಲೆ ಕ್ರಮವಾಗಿ ಇಳಿದು ಕೊನೆಗೆ ಸೊನ್ನೆ.

ಇನ್ನು ಲೆಕ್ಕ ಸುಲಭ. ಸಮತಟ್ಟಾದ ಭಾಗ ಒಂದು ಪೆಟ್ಟಿಗೆ ಇದ್ದಂತೆ. ಎರಡು ಮೀಟರ್ ಉದ್ದ, ಒಂದೂವರೆ ಆಳ, 0.8 ಅಗಲ, ಎಂದರೆ 2,400 ಲೀಟರ್. ಇಳಿಜಾರಿನ ಭಾಗ ಮೂಲೆಯಿಂದ ಮೂಲೆಗೆ ಓರೆಯಾಗಿ ಸೀಳಿದ ಪೆಟ್ಟಿಗೆಯ ಒಂದು ಹೋಳು. ಆದ್ದರಿಂದ ಏಳು ಮೀಟರ್ ಉದ್ದದ ಇಡೀ ಪೆಟ್ಟಿಗೆಗೆ ಬರುವುದರಲ್ಲಿ ಅರ್ಧ, ಅಂದರೆ 4,200. ಎರಡೂ ಸೇರಿ 6,600 ಲೀಟರ್.

ಗೋಡೆಯ ಅಂಕಿ ಎಲ್ಲಿಂದ ಬಂತೆಂದೂ ಆಗಲೇ ಗೊತ್ತಾಯಿತು. ಒಂಬತ್ತು, 0.8, ಒಂದೂವರೆ, ಈ ಮೂರನ್ನು ಗುಣಿಸಿದರೆ 10.8. ಬರೆದವರು ಯಾರೋ ಇಳಿಜಾರನ್ನು ಲೆಕ್ಕಕ್ಕೇ ಹಿಡಿಯದೆ ಇಡೀ ತೊಟ್ಟಿಯನ್ನು ಒಂದು ಪೆಟ್ಟಿಗೆ ಎಂದು ಗುಣಿಸಿಬಿಟ್ಟಿದ್ದರು.

ಅದನ್ನು ನಂಬಿ ಔಷಧ ಹಾಕಿದರೆ ಒಂದೂವರೆ ಪಟ್ಟಿಗಿಂತ ಸ್ವಲ್ಪ ಹೆಚ್ಚಾಗುತ್ತದೆ. ಅದು ಅಪಾಯವೇ. ಆದರೂ ಅಧ್ಯಕ್ಷರು ಹೇಳಿದ ಹಾಗೆ ಮೇಲೆ ಬಂದ ಕುರಿ ಬಂದಂತೆಯೇ ಬೀಳಬೇಕಾದರೆ ಅಷ್ಟು ಸಾಲದು ಅನ್ನಿಸಿತು. ಆ ದಿನ ಏನಾಯಿತೆಂದು ಹೇಳಬಲ್ಲವರು ಒಬ್ಬರೇ ಇದ್ದರು.

ಹಟ್ಟಿಯ ಕೊನೆಯ ಮನೆಯ ಅಂಗಳದಲ್ಲಿ ಆ ಹಿರಿಯರ ಮಗಳು ಶೇಂಗಾ ಬಿಡಿಸುತ್ತ ಕೂತಿದ್ದಳು. ನಾನು ಬಂದ ಕಾರಣ ಕೇಳಿ ಮೊರ ಕೆಳಗಿಟ್ಟಳು.

"ಯಾಕ್ರಿ ಡಾಕ್ಟ್ರಮ್ಮ, ಮತ್ತೆ ಅದನ್ನ ಕೆದಕ್ತೀರಿ? ನಮ್ಮವ್ವ ಇದೇ ಮಾತು ಕೇಳ್ಕಂಡು ಕೇಳ್ಕಂಡು ಸತ್ಲು. ನಮ್ಮಪ್ಪನ್ನ ಆ ತೊಟ್ಟಿ ಹತ್ರ ಕರೀಬ್ಯಾಡ್ರಿ."

"ಕೇಳ್ಲಿ ಬಿಡವ್ವ," ಎಂದು ಒಳಗಿನಿಂದ ದನಿ ಬಂತು. ಅಜ್ಜ ಹೊರಗೆ ಬಂದು ಜಗಲಿಯ ಮೇಲೆ ಕೂತರು. ಕಲ್ಲು ಒಡೆದು ಬೆರಳ ಗೆಣ್ಣುಗಳು ಊದಿಕೊಂಡಿದ್ದವು.

ಆ ದಿನ ತೊಟ್ಟಿಯಲ್ಲಿ ಎಷ್ಟು ನೀರಿತ್ತು ಎಂದು ಕೇಳಿದೆ.

"ಆ ಸಲ ನೀರು ಸಿಗ್ಲಿಲ್ಲಮ್ಮ. ಅರ್ಧಕ್ಕೆ ತುಂಬಿಸಿದ್ರು. ಔಷಧ ಹಾಕೋಕೆ ಮುಂಚೆ ನಾನೇ ಇಳಿದು ಕಸ ಎತ್ತಿದ್ದೆ. ಇಲ್ಲಿಗಿತ್ತು ನೀರು." ಎದ್ದು ನಿಂತು ತೊಡೆಯ ಮೇಲೆ ಕೈ ಅಡ್ಡ ಇಟ್ಟು ತೋರಿಸಿದರು. "ತುಂಬಿದ ತೊಟ್ಟಿಗೆ ಇಪ್ಪತ್ತೆರಡು ಡಬ್ಬಿ ಅಂತ ಲೆಕ್ಕ. ಅರ್ಧ ನೀರು ಐತೆ, ಅರ್ಧ ಔಷಧ ಹಾಕು ಅಂದ್ರು. ಹನ್ನೊಂದು ಹಾಕ್ದೆ."

"ಅರ್ಧ ಲೀಟರಿನ ಡಬ್ಬಿಗಳಾ?"

"ಹೂಂ." ತೊಡೆಯ ಮೇಲಿನ ಕೈ ತೆಗೆಯದೆಯೇ ಹೇಳಿದರು, "ಹನ್ನೊಂದು ಅಂತ ಈಗ ನಂಗೇ ಧೈರ್ಯ ಇಲ್ಲಮ್ಮ. ಎಲ್ರೂ ಜಾಸ್ತಿ ಹಾಕ್ದೆ, ಜಾಸ್ತಿ ಹಾಕ್ದೆ ಅಂದ್ರು. ಕೇಳಿ ಕೇಳಿ, ಎಣಿಕೆ ತಪ್ಪಿ ಹಾಕಿದ್ನೇನೋ ಅಂತ ನಂಗೇ ಅನ್ಸಕ್ ಶುರುವಾತು. ಕಣ್ ಮುಚ್ಚಿದ್ರೆ ಡಬ್ಬಿ ಎಣಿಸ್ತಿರ್ತೀನಿ."

ನೆಲದಿಂದ ಅವರ ಕೈ ಇದ್ದ ಮಟ್ಟಕ್ಕೆ ಟೇಪು ಹಿಡಿದೆ. ಎಪ್ಪತ್ತೈದು ಸೆಂಟಿಮೀಟರ್, ಒಂದೂವರೆ ಮೀಟರಿನ ಅರ್ಧ.

ಅಲ್ಲೇ ಜಗಲಿಯ ಮೇಲೆ ಕೂತು ಲೆಕ್ಕ ಹಾಕಿದೆ. ಆಳ ಅರ್ಧವಾದರೆ ಸಮತಟ್ಟಾದ ಭಾಗದಲ್ಲಿ ನೀರೂ ಅರ್ಧ, 1,200 ಲೀಟರ್. ಆದರೆ ಇಳಿಜಾರಿನಲ್ಲಿ ಹಾಗಲ್ಲ. ಅಲ್ಲಿ ಆಳ ಅರ್ಧವಾದಾಗ, ನೀರು ಇಳಿಜಾರಿನ ಮೇಲೆ ಹರಡುವ ಉದ್ದವೂ ಅರ್ಧವಾಗುತ್ತದೆ. ಅರ್ಧದಲ್ಲಿ ಅರ್ಧ ಎಂದರೆ ಕಾಲು ಭಾಗ, 1,050 ಲೀಟರ್. ಒಟ್ಟು 2,250. ಆ ಔಷಧ ಸಾವಿರ ಲೀಟರ್ ನೀರಿಗೆ ಒಂದು ಲೀಟರಿನಂತೆ ಹಾಕುವಂಥದ್ದು. ನಾಲ್ಕೂವರೆ ಡಬ್ಬಿ ಸಾಕಿತ್ತು. ಹೇಳಿದಂತೆ ಹನ್ನೊಂದು ಹಾಕಿದ್ದರು. ಸುಮಾರು ಎರಡೂವರೆ ಪಟ್ಟು.

ನಾನು ಮತ್ತೊಮ್ಮೆ ಗುಣಿಸಿದೆ. ನೀರಿಗೆ ತತ್ವಾರದ ಕಾಲ, ಕುರಿಗಳು ಬಾಯಾರಿಯೇ ಬಂದಿರಬೇಕು. ಧುಮುಕಿದೊಡನೆ ಆ ನೀರನ್ನೇ ಕುಡಿದಿರಬೇಕು. ಆಮೇಲೆ ಅವು ಬೀಳದೆ ಇನ್ನೇನು ಮಾಡಿಯಾವು?

ಮೇಲಧಿಕಾರಿಗೆ ಫೋನು ಮಾಡಿದೆ. ಅವರು ತಾಳ್ಮೆಯಿಂದ ಕೇಳಿ, "ನಿಮ್ಮ ಲೆಕ್ಕ ಸರಿ ಇದೆ. ಹೊಸ ಅಂಕಿಗೆ ತಕ್ಕಂತೆ ಔಷಧ ಹಾಕಿ ಕೆಲಸ ಮುಗಿಸಿ. ಹಳೆಯದನ್ನು ಎತ್ತಿದರೆ ಹಟ್ಟಿಯಲ್ಲಿ ಗಲಾಟೆಯಾದೀತು," ಎಂದರು. ಅದು ತಪ್ಪು ಸಲಹೆಯಲ್ಲ. ನೀಲಿ ಅಂಕಿ ಅಳಿಸಿ 6,600 ಎಂದು ಬರೆಸಿದರೆ ನನ್ನ ಕೆಲಸ ಮುಗಿಯುತ್ತಿತ್ತು. ಆದರೆ ಒಂದು ಅಂಕಿ ಹೋಗಿ ಇನ್ನೊಂದು ಅಂಕಿ ಬಂದ ಮಾತ್ರಕ್ಕೆ ಇವರು ಕುರಿ ಇಳಿಸುತ್ತಾರೆಯೇ? ಆ ಜಗಲಿಯ ಮೇಲಿನ ಮನುಷ್ಯ ಡಬ್ಬಿ ಎಣಿಸುವುದು ನಿಲ್ಲುತ್ತದೆಯೇ?

ಅಧ್ಯಕ್ಷರಿಗೆ ಲೆಕ್ಕವನ್ನು ಬಿಡಿಸಿ ಹೇಳಿದೆ. ಅವರು ಕೊನೆಯವರೆಗೂ ಕೇಳಿದರು.

"ಕಾಗದದ ಮೇಲೆ ಏನು ಬೇಕಾದ್ರೂ ಬರುತ್ತೆ ಡಾಕ್ಟ್ರಮ್ಮ. ನಮ್ಮ ಕುರಿ ನೆಲದ ಮೇಲೆ ಸತ್ವು."

"ಹಾಗಾದರೆ ನೀರು ಹಾಕಿಯೇ ನೋಡೋಣ. ಎಲ್ಲರ ಮುಂದೆ. ಆವತ್ತು ಎಷ್ಟಕ್ಕೆ ತುಂಬಿಸಿದ್ದರೋ ಅಷ್ಟಕ್ಕೇ," ಎಂದೆ.

ಇದನ್ನು ಮಾಡುವ ಮುಂಚೆ ಅಜ್ಜನನ್ನು ಕೇಳದೆ ಇರುವುದು ನನ್ನಿಂದಾಗಲಿಲ್ಲ. ಲೆಕ್ಕ ತಪ್ಪಾಗಿದ್ದರೆ ಅವರ ಮೇಲಿನ ಅಪವಾದ ಇನ್ನೂ ಗಟ್ಟಿಯಾಗುತ್ತದೆ ಎಂದೂ ಹೇಳಿದೆ. ಮಗಳು ಬೇಡವೆಂದಳು. ಅಜ್ಜ, "ಆಗ್ಲಿ. ಎರಡ್ರಾಗೆ ಒಂದು ಗೊತ್ತಾಗ್ಲಿ," ಎಂದರು.

ನೀರಿನ ಟ್ಯಾಂಕರನ್ನು ಚಳ್ಳಕೆರೆಯಿಂದ ತಂದವನು ಅಲ್ಲಿಯ ಒಬ್ಬ ಮೆಕ್ಯಾನಿಕ್. ಟ್ರ್ಯಾಕ್ಟರು, ಪಂಪುಸೆಟ್ಟು ರಿಪೇರಿಯ ಜೊತೆಗೆ ಟ್ಯಾಂಕರೂ ಓಡಿಸುತ್ತಿದ್ದ. ಮೊದಲ ಸಲ ವಾಲ್ವು ತಿರುಗಿಸಿದಾಗ ತೊಟ್ಟಿಯ ತಳದ ತೂಬಿನಿಂದ ನೀರು ಸೋರಿ ಹೋಗತೊಡಗಿತು. ಸೇರಿದ್ದ ಜನ ಗೊಣಗಿಕೊಂಡು ಚದುರಿದರು. ಮೆಕ್ಯಾನಿಕ್ ಮಾತ್ರ ತೂಬಿನ ಮುಂದೆ ಕೂತು ಕೈಯಾಡಿಸಿ, "ಅರೆ ಮೇಡಂ, ಇದ್ರ ವಾಷರ್ ಪುಡಿಪುಡಿ ಆಗೈತೆ. ನಾಳೆ ಬೆಳಿಗ್ಗೆ ಸರಿ ಮಾಡ್ಕೊಡ್ತೀನಿ, ಜನಾನ ಮತ್ತೆ ಕರೀರಿ," ಎಂದ. ಮರುದಿನ ಹಳೆಯ ಲಾರಿ ಟ್ಯೂಬು ಕತ್ತರಿಸಿ ಹೊಸ ವಾಷರ್ ಮಾಡಿ ಕೂರಿಸಿದ. ಟ್ಯಾಂಕರನ್ನು ಮತ್ತೆ ಬಾಯಿಮಟ್ಟ ತುಂಬಿಸಿ ತಂದ.

ಅದು ಐದು ಸಾವಿರ ಲೀಟರಿನ ಟ್ಯಾಂಕರ್. ತೊಟ್ಟಿಯ ಒಳಗೋಡೆಗೆ ಎಪ್ಪತ್ತೈದು ಸೆಂಟಿಮೀಟರ್ ಎತ್ತರದಲ್ಲಿ ಸೀಮೆಸುಣ್ಣದ ಗೆರೆ ಎಳೆದು, ಸೇರಿದವರಿಗೆ ಹೇಳಿದೆ: "ಗೋಡೆಯ ಮೇಲಿನ ಅಂಕಿ ಸರಿಯಿದ್ದರೆ ಅರ್ಧ ತೊಟ್ಟಿಗೆ 5,400 ಲೀಟರ್ ಬೇಕು. ಈ ಟ್ಯಾಂಕರ್ ಪೂರ್ತಿ ಖಾಲಿಯಾದರೂ ನೀರು ಈ ಗೆರೆ ಮುಟ್ಟಬಾರದು."

ಅಜ್ಜ ಮಗಳ ಜೊತೆ ಬಂದು, ಜನರಿಂದ ದೂರ ಜಾಲಿ ಮರದ ಹತ್ತಿರ ನಿಂತಿದ್ದರು. ಯಾರೂ ಅವರನ್ನು ಮಾತಾಡಿಸಲಿಲ್ಲ.

ಮೆಕ್ಯಾನಿಕ್ ವಾಲ್ವು ತೆರೆದ. ನೀರು ಸಮತಟ್ಟಾದ ತಳದಲ್ಲಿ ಮಡುಗಟ್ಟಿ, ಇಳಿಜಾರಿನ ಏಣುಗಳನ್ನು ಒಂದೊಂದಾಗಿ ಮುಚ್ಚುತ್ತ ಏರಿತು. ನೀರು ಏರುತ್ತಿದ್ದ ವೇಗ ನೋಡಿಯೇ ಕೆಲವರಿಗೆ ತಿಳಿಯಿತೆಂದು ಕಾಣುತ್ತದೆ. ಅದು ಸೀಮೆಸುಣ್ಣದ ಗೆರೆ ಮುಟ್ಟಿದಾಗ ನಾನು ಕೈ ಎತ್ತಿದೆ. ವಾಲ್ವು ಮುಚ್ಚಿತು.

ಮೆಕ್ಯಾನಿಕ್ ಸ್ಪಾನರಿನಿಂದ ಟ್ಯಾಂಕರಿನ ಹೊಟ್ಟೆಯನ್ನು ಮೇಲಿನಿಂದ ಕೆಳಕ್ಕೆ ಬಡಿಯುತ್ತ ಬಂದ. "ಇಲ್ಲಿ ಠಣ್ ಅಂತೈತೆ, ಖಾಲಿ. ಇಲ್ಲಿ ಸದ್ದು ದಪ್ಪ ಆತು ನೋಡ್ರಿ, ನೀರು." ಅವನ ಸ್ಪಾನರು ನಿಂತದ್ದು ಟ್ಯಾಂಕರಿನ ನಡುಮಟ್ಟಕ್ಕಿಂತ ತುಸು ಮೇಲೆ. "ಅರ್ಧಕ್ಕಿಂತ ಜಾಸ್ತಿ ಇನ್ನೂ ಒಳಗೇ ಐತೆ. ನಂಬಿಕೆ ಇಲ್ದಿದ್ರೆ ಹತ್ತಿ ನೋಡ್ರಿ ಯಜಮಾನ್ರೆ."

ಅಧ್ಯಕ್ಷರು ಏಣಿ ಹತ್ತಿದರು. ಮುಚ್ಚಳ ತೆಗೆದು ಒಳಗೆ ಬಗ್ಗಿ ನೋಡಿದರು. ಬಹಳ ಹೊತ್ತು ಹಾಗೇ ಬಗ್ಗಿಕೊಂಡಿದ್ದರು. ಇಳಿದು ಬಂದವರು ನನ್ನ ಬಳಿಗೆ ಬರಲಿಲ್ಲ. ಜಾಲಿ ಮರದ ಕಡೆಗೆ ನಡೆದರು. ನಾವೆಲ್ಲ ಹಿಂದೆಯೇ ಹೋದೆವು.

"ಅವತ್ತು ಖಾಲಿ ಡಬ್ಬಿ ಎತ್ತಿ ಬಿಸಾಕಿದ್ದು ನಾನೇ," ಎಂದರು ಅಧ್ಯಕ್ಷರು. "ಹನ್ನೊಂದೇ ಇದ್ವು. ಅಪ್ಪಂಗೆ ಹೇಳ್ದೆ. ಮಿಕ್ಕ ಖಾಲಿ ಡಬ್ಬಿನ ಎಲ್ಲೋ ಮುಚ್ಚಿಟ್ಟಿರ್ತಾನೆ ಬಿಡು ಅಂದ. ನಾನೂ ಹಂಗೇ ಇರಬೇಕು ಅಂದ್ಕಂಡೆ. ಆಮೇಲೆ ಯಾರ್ಗೂ ಹೇಳ್ಲಿಲ್ಲ."

ಅಜ್ಜ ಅವರ ಮುಖವನ್ನೇ ನೋಡಿದರು. "ಹನ್ನೊಂದೇನಾ?"

"ಹನ್ನೊಂದೇ."

"ಸರಿಯಾಗಿ ನೋಡಿದ್ದೇನಪ್ಪ?"

"ನೋಡಿದ್ದೆ. ಹನ್ನೊಂದೇ."

ಅಜ್ಜ ಮರದ ಬುಡದಲ್ಲಿ ಕೂತರು. ಅಳಲಿಲ್ಲ. ತುಟಿ ಮಾತ್ರ ಅಲ್ಲಾಡುತ್ತಿತ್ತು. ಮಗಳು ಅವರ ಬೆನ್ನ ಮೇಲೆ ಕೈಯಿಟ್ಟು, ಅಧ್ಯಕ್ಷರನ್ನು ನೋಡಿ ಹೇಳಿದಳು:

"ನಮ್ಮವ್ವ ಇದ್ದಾಗ ಹೇಳ್ಬೇಕಿತ್ತಣ್ಣ."

ಅಧ್ಯಕ್ಷರು ತಲೆ ತಗ್ಗಿಸಿದರು. ಆ ಹೊತ್ತಿನಲ್ಲಿ ಲೆಕ್ಕ ಸರಿಬಂದ ಸಮಾಧಾನ ನನಗೆ ಸ್ವಲ್ಪವೂ ಆಗಲಿಲ್ಲ. ಇಷ್ಟು ಸಣ್ಣ ಗುಣಾಕಾರಕ್ಕೆ ಇಷ್ಟು ವರ್ಷ ಬೇಕಾಯಿತಲ್ಲ ಎನ್ನುವುದೊಂದೇ ತಲೆಯಲ್ಲಿತ್ತು.

ಆಮೇಲಿನದೆಲ್ಲ ಕೆಲಸ. ಟ್ಯಾಂಕರಿನಲ್ಲಿ ಉಳಿದದ್ದನ್ನೂ, ಎರಡನೆಯ ಟ್ಯಾಂಕರಿನ ಮೂರನೇ ಒಂದು ಭಾಗವನ್ನೂ ಸುರಿದಾಗ ನೀರು ಕೆಂಪು ಗೆರೆ ಮುಟ್ಟಿತು. ಈಗ ನಮ್ಮಲ್ಲಿದ್ದದ್ದು ಹಿಂದಿನಷ್ಟು ಕಟುವಲ್ಲದ ಬೇರೆ ಔಷಧ, ಪ್ರಮಾಣ ಮಾತ್ರ ಸಾವಿರ ಲೀಟರಿಗೆ ಒಂದು ಲೀಟರೇ. ಕೈಗವಸು ಹಾಕಿಕೊಂಡು ನಾನೇ ಅಳೆದು ಕಲಸಿದೆ. ಕುರಿಗಳಿಗೆ ಮೊದಲು ಹೊಟ್ಟೆ ತುಂಬ ನೀರು ಕುಡಿಸಿದೆವು. ಗಬ್ಬದವನ್ನೂ ಎಳೆಮರಿಗಳನ್ನೂ ಬೇರೆ ಮಾಡಿದೆವು. ಅಧ್ಯಕ್ಷರು ತಮ್ಮ ಹಿಂಡಿನಿಂದ ಕೆಲವು ಬಡಕಲು ಟಗರುಗಳನ್ನು ಮೊದಲು ಇಳಿಸಿದರು. ಅವು ಮೈ ಕೊಡವಿಕೊಂಡು ಹೊರಬಂದು, ನೀರು ಇಳಿಸಿಕೊಳ್ಳುತ್ತ ನಿಂತವು. ನೊರೆಯಿಲ್ಲ, ನಡುಕವಿಲ್ಲ. ಸಂಜೆಯವರೆಗೆ ಕಾದೆವು. ಮೇಯತೊಡಗಿದವು. ಮರುದಿನ ಬೆಳಿಗ್ಗೆ ತೊಟ್ಟಿಯ ಮುಂದೆ ಹಿಂಡುಗಳು ಸಾಲುಗಟ್ಟಿದ್ದವು.

ನೀಲಿ ಅಂಕಿಯನ್ನು ಕೆರೆಸಿ, ಅದರ ಜಾಗದಲ್ಲಿ ಒಂದೇ ಅಂಕಿ ಬರೆಯುವ ಬದಲು, ಒಳಗೋಡೆಯ ಮೇಲೆ ಕೆಳಗಿನಿಂದ ಮೇಲಕ್ಕೆ ಗೇಣು ಗೇಣಿಗೆ ಗೆರೆ ಎಳೆಸಿ ಪ್ರತಿ ಗೆರೆಯ ಪಕ್ಕ ಅಲ್ಲಿಯವರೆಗಿನ ಲೀಟರು ಬರೆಸಿದೆ. ಇಂಥ ತೊಟ್ಟಿಗೆ ಅರ್ಧ, ಮುಕ್ಕಾಲು ಎಂಬ ಮಾತೇ ಸಲ್ಲದು.

ಪ್ರತಿ ಕುರಿಯೂ ತುಪ್ಪಟದಲ್ಲಿ ಸ್ವಲ್ಪ ನೀರನ್ನು ಹೊತ್ತು ಹೋಗುತ್ತದೆ. ಮಧ್ಯಾಹ್ನದ ಹೊತ್ತಿಗೆ ನೀರು ಹದಿನಾಲ್ಕು ಸೆಂಟಿಮೀಟರಿನಷ್ಟು ಇಳಿದಿತ್ತು. ಗೆರೆ ನೋಡಿ ಲೆಕ್ಕ ಹಾಕಿದೆ, ಸಾವಿರ ಲೀಟರು ಕಡಿಮೆಯಾಗಿದೆ. ತುಪ್ಪಟ ನೀರಿಗಿಂತ ಔಷಧವನ್ನೇ ಹೆಚ್ಚು ಹಿಡಿದುಕೊಳ್ಳುವುದರಿಂದ ಮತ್ತೆ ತುಂಬಿಸುವಾಗ ಔಷಧ ಸ್ವಲ್ಪ ಹೆಚ್ಚು ಬೇಕು, ಸಾವಿರಕ್ಕೆ ಒಂದೂವರೆ ಲೀಟರ್. ಕಾಲು ಲೀಟರಿನ ಅಳತೆ ಪಾತ್ರೆಯಲ್ಲಿ ಆರು. ನಾನು ಕೈಗವಸು ಹಾಕಿಕೊಳ್ಳುತ್ತಿದ್ದೆ.

"ಡಾಕ್ಟ್ರಮ್ಮ, ಸ್ವಲ್ಪ ತಡೀರಿ," ಎಂದರು ಅಧ್ಯಕ್ಷರು. ಅಜ್ಜನೂ ಬಂದು ಕುರಿಗಳು ಹೊರಬರುವ ತುದಿಯಲ್ಲಿ ನಿಂತು ನೋಡುತ್ತಿದ್ದರು. ಅಧ್ಯಕ್ಷರು ಅವರ ಹತ್ತಿರ ಹೋದರು.

"ಇದೊಂದು ಸಲ ನೀವು ಕಲಸ್ರಿ. ನಮ್ಮ ಹಿಂಡು ಇನ್ನೂ ಅರ್ಧ ಐತೆ."

ಅಜ್ಜ ಮಗಳ ಕಡೆ ನೋಡಿದರು. ಆಕೆ ಆಗಲಿ ಎಂದೂ ಅನ್ನಲಿಲ್ಲ, ಬೇಡ ಎಂದೂ ಅನ್ನಲಿಲ್ಲ. ನಾನು ಕೈಗವಸು ಬಿಚ್ಚಿ ಕೊಟ್ಟೆ. ಊದಿದ ಬೆರಳುಗಳಿಗೆ ಅದನ್ನು ಏರಿಸಲು ಅವರಿಗೆ ಸ್ವಲ್ಪ ಹೊತ್ತು ಹಿಡಿಯಿತು. ಆಮೇಲೆ ಅಳತೆ ಪಾತ್ರೆ ತೆಗೆದುಕೊಂಡು ತೊಟ್ಟಿಯ ಅಂಚಿನಲ್ಲಿ ಕುಕ್ಕರುಗಾಲಲ್ಲಿ ಕೂತರು.

"ಕಲಸ್ತೀನಿ," ಎಂದರು. "ನೀನು ಪಕ್ಕದಾಗೆ ನಿಂತ್ಕಂಡು ಎಣಿಸಪ್ಪ."

ಅಧ್ಯಕ್ಷರು ಪಕ್ಕದಲ್ಲಿ ನಿಂತರು. ಅಜ್ಜ ಸುರಿದಂತೆಲ್ಲ ಅವರು ಒಂದು, ಎರಡು, ಮೂರು ಎಂದು ಎಣಿಸಿದರು, ಅಲ್ಲಿ ಸೇರಿದ್ದ ಅಷ್ಟೂ ಜನಕ್ಕೆ ಕೇಳುವಷ್ಟು ಜೋರಾಗಿ.